ಬಿಸಿಲು ನಾಡಿನ ಹಿತ್ತಲ ತೋಟ: ಇಲಿ, ಹೆಗ್ಗಣ, ಇಣಚಿ (ಅಳಿಲು) ಕಾಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಯಾದಗಿರಿ, ಬೀದರ ಕಡೆ ಮನೆ ಹಿತ್ತಲಲ್ಲಿ, ಮಾಳಿಗೆ ಮೇಲೆ, ಹೊಲದ ಮೂಲೆಯ ಒಂದೆರಡು ಗುಂಟೆಯಲ್ಲಿ ಕಾಯಿಪಲ್ಯ ಬೆಳೆಯುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಕೇಳಿದವರ ಮಾತಿನಲ್ಲೇ ಪ್ರಶ್ನೆ ಇಟ್ಟಿದ್ದೇವೆ. ಹೊಸಬರಿಗೆ ಬೇಕಾದದ್ದು ಮೊದಲು, ಜಾಳಿಗೆ, ಬೋನು, ವಿಷದ ವಿಚಾರ ಆಮೇಲೆ.

## ಮಣ್ಣು, ನೀರು, ಹಂಗಾಮು

ನಮ್ಮ ಹಿತ್ತಲದಾಗ ಬರೇ ಎರಿ ಮಣ್ಣು ಅದ. ಇದ್ರಾಗ ಕಾಯಿಪಲ್ಯ ಬರ್ತದೇನ್ರಿ?

ಚೆನ್ನಾಗಿ ಬರುತ್ತದೆ. ಎರೆ ಮಣ್ಣು ನೀರು ಹಿಡಿದಿಡುತ್ತದೆ, ಸತ್ವವೂ ಇದೆ. ತೊಂದರೆ ಎರಡೇ: ಮಳೆಗಾಲದಲ್ಲಿ ಕೆಸರಾಗಿ ಬೇರು ಕೊಳೆಯುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಮಡಿಯನ್ನು ನೆಲಮಟ್ಟಕ್ಕಿಂತ 6ರಿಂದ 8 ಇಂಚು ಎತ್ತರಿಸಿ. 10 ಅಡಿ ಉದ್ದ, 10 ಅಡಿ ಅಗಲದ ಜಾಗಕ್ಕೆ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ 6-7 ಬುಟ್ಟಿ ಹಾಕಿ ಮೇಲಿನ 8 ಇಂಚು ಮಣ್ಣಿಗೆ ಬೆರೆಸಿ. ನೆಲದ ಮಡಿಗೆ ಬರೀ ಉಸುಕು ಸುರಿದು ಮಣ್ಣು ಸಡಿಲ ಮಾಡುತ್ತೇವೆ ಅನ್ನುವವರಿದ್ದಾರೆ. ಗೊಬ್ಬರವಿಲ್ಲದೆ ಉಸುಕು ಸೇರಿದ ಎರೆ ಮಣ್ಣು ಒಣಗಿದ ಮೇಲೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ.

ಕುಂಡಗಳ ಮಾತು ಬೇರೆ. ಬರೀ ಎರೆ ತುಂಬಿದ ಕುಂಡ ಒಣಗಿದಾಗ ಮಣ್ಣು ಅಂಚು ಬಿಡುತ್ತದೆ, ಹಾಕಿದ ನೀರು ಆ ಸಂದಿನಿಂದ ಸೋರಿ ಹೋಗುತ್ತದೆ, ಬೇರಿಗೆ ಒಂದು ಹನಿಯೂ ಸಿಗುವುದಿಲ್ಲ. ಅಲ್ಲಿ ಒಂದು ಪಾಲು ಎರೆ, ಒಂದು ಪಾಲು ಉಸುಕು, ಒಂದು ಪಾಲು ಗೊಬ್ಬರ ಇರಲಿ. ಬೀದರದ ಕೆಂಪು ಜಂಬಿಟ್ಟಿಗೆ ಮಣ್ಣಿಗೆ ಉಸುಕು ಬೇಡ. ಎರಡು ಪಾಲು ಮಣ್ಣಿಗೆ ಒಂದು ಪಾಲು ಗೊಬ್ಬರ ಸಾಕು.

ಯಾವ ತಿಂಗಳದಾಗ ಏನ್ ಹಾಕಬೇಕ್ರಿ?

ಜೂನ್-ಜುಲೈ ಮಳೆ ಹಿಡಿದ ಮೇಲೆ ಬೆಂಡೆ, ಚವಳಿಕಾಯಿ, ಹೀರೆ, ಬದನೆ, ಪುಂಡಿಪಲ್ಯ. ಅಕ್ಟೋಬರ್‌ನಿಂದ ಮೆಂತೆ, ಪಾಲಕ, ಕೊತ್ತಂಬರಿ, ಗಜ್ಜರಿ, ಮೂಲಂಗಿ, ಉಳ್ಳಾಗಡ್ಡಿ, ಟೊಮ್ಯಾಟೊ. ಜನವರಿ ಕೊನೆಗೆ ಸೌತೆ, ಚವಳಿಕಾಯಿ, ರಾಜಗಿರಿ. ಹಗಲಿನ ಉಷ್ಣತೆ 35 ಡಿಗ್ರಿ ದಾಟಿದರೆ ಟೊಮ್ಯಾಟೊ ಹೂ ಉದುರಿಸುತ್ತದೆ, ಆದ್ದರಿಂದ ಮಾರ್ಚ್ ನಂತರ ಅದರ ಹಿಂದೆ ನೀರು ಸುರಿಯುವುದು ವ್ಯರ್ಥ.

ಬ್ಯಾಸಿಗ್ಯಾಗ ದಿನಾ ಎಷ್ಟು ನೀರು ಬೇಕಾಗ್ತದ?

ಏಪ್ರಿಲ್-ಮೇ ತಿಂಗಳಲ್ಲಿ ಒಂದು ಚದರ ಮೀಟರ್ ಕಾಯಿಪಲ್ಯದ ಮಡಿಗೆ ದಿನಕ್ಕೆ 5-6 ಲೀಟರ್. 10 ಅಡಿ ಚೌಕದ ಮಡಿಗೆ ಇದು 45ರಿಂದ 55 ಲೀಟರ್, ಅಂದರೆ 15 ಲೀಟರಿನ ಕೊಡದಲ್ಲಿ ಮೂರೂವರೆ ಕೊಡದ ಆಸುಪಾಸು. ಮೇಲೆ 50 ಶೇಕಡಾ ನೆರಳಿನ ಹಸಿರು ಬಲೆ ಕಟ್ಟಿದರೆ ಇಷ್ಟು ಬೇಕಾಗುವುದಿಲ್ಲ. ನೀರು ಹಾಕುವ ಮುಂಚೆ ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ ನೋಡಿ. ತುದಿಗೆ ತಂಪು ತಾಕಿದರೆ ಆ ದಿನ ಬಿಟ್ಟುಬಿಡಿ.

ಹೊತ್ತು ಮುಖ್ಯ: ಬೆಳಗಿನ ಜಾವ 5ರಿಂದ 6ರೊಳಗೆ ಹಾಕಿ. ಸಂಜೆ ಹಾಕಿದರೆ ನೀರು ಕಡಿಮೆ ಆರುತ್ತದೆ ಅನ್ನುವುದು ನಿಜ. ಆದರೆ ಇಲಿ-ಹೆಗ್ಗಣ ಇರುವ ಕಡೆ ಸಂಜೆಯ ನೀರು ಬೇಡವೇ ಬೇಡ. ಯಾಕೆಂದು ಮುಂದಿನ ಉತ್ತರದಲ್ಲಿದೆ.

ಬ್ಯಾಸಿಗಿ ಬಂದ್ರ ಸಾಕು, ಇಲಿ, ಇಣಚಿ ಎಲ್ಲಾ ನಮ್ಮ ತ್ವಾಟಕ್ಕೇ ಯಾಕ ಬರ್ತಾವ?

ಸುತ್ತ ನಾಲ್ಕು ದಿಕ್ಕಿಗೆ ನೆಲ ಒಣಗಿ ಬಿರುಕು ಬಿಟ್ಟಿರುವಾಗ ಹಸಿ ಮಣ್ಣು ಇರುವುದು ನಿಮ್ಮ ಮಡಿಯಲ್ಲಿ ಮಾತ್ರ. ಅವು ಬರುವುದು ಮೊದಲು ನೀರಿಗೆ, ಆಮೇಲೆ ಕಾಯಿಗೆ. ಒಂದೇ ಕಡೆ ಕಚ್ಚಿ ಬಿಟ್ಟ ಸೌತೆಕಾಯಿ, ತೂತು ಬಿದ್ದ ಡ್ರಿಪ್ ಪೈಪು, ಸಿಗಿದ ಬದನೆ ಬುಡ, ಇವೆಲ್ಲ ದಾಹದ ಗುರುತು. ಇಲಿ ತಿರುಗುವುದು ರಾತ್ರಿ. ಸಂಜೆ ನೀರುಣಿಸಿದ ಮಡಿ ರಾತ್ರಿಯಿಡೀ ತಂಪಾಗಿ, ಮೆತ್ತಗೆ, ಅಗೆಯಲು ಸಲೀಸಾಗಿರುತ್ತದೆ. ಬೆಳಗಿನ ಜಾವ ಹಾಕಿದ ನೀರು ಹಗಲಲ್ಲಿ ಬೇರಿಗೆ ಇಳಿದು, ಕತ್ತಲಾಗುವ ಹೊತ್ತಿಗೆ ಮೇಲಿನ ಒಂದಿಂಚು ಒಣಗಿರುತ್ತದೆ. ಜಾಳಿಗೆ ಕೊಳ್ಳುವ ಮುಂಚೆ ಈ ಹೊತ್ತು ಬದಲಿಸಿ, ಸೋರುವ ನಲ್ಲಿ ರಿಪೇರಿ ಮಾಡಿಸಿ, ರಾತ್ರಿ ಬಕೆಟ್ಟು ಬೋರಲು ಹಾಕಿ. ಖರ್ಚಿಲ್ಲದ ಈ ಮೂರು ಕೆಲಸ ಬಿಟ್ಟು ಉಳಿದದ್ದನ್ನು ಮಾಡಿದರೆ ಫಲ ಅರ್ಧವೇ ಸಿಗುತ್ತದೆ.

ಗಡಿಗಿ ಹುಗಿದು ನೀರು ಬಿಡೋದು ಅಂತಾರಲ್ಲ, ಅದು ಹ್ಯಾಂಗ್ರಿ?

ಇಲಿ ಕಾಟದ ಜಾಗಕ್ಕೆ ಇದಕ್ಕಿಂತ ಒಳ್ಳೆಯ ನೀರಾವರಿ ಇಲ್ಲ. ನೀರು ಮಣ್ಣಿನ ಒಳಗೇ ಇರುತ್ತದೆ, ಮೇಲ್ಮೈ ಒಣಗಿರುತ್ತದೆ. ಬಣ್ಣ, ಹೊಳಪು ಹಚ್ಚದ 8-10 ಲೀಟರಿನ ಮಣ್ಣಿನ ಗಡಿಗೆ ತನ್ನಿ. ರಾತ್ರಿ ನೀರು ತುಂಬಿಡಿ. ಮುಂಜಾನೆ ಹೊರಮೈ ತೇವವಾಗಿದ್ದರೆ ಅದು ಒಸರುತ್ತದೆ, ಒಣಗಿದ್ದರೆ ಕೆಲಸಕ್ಕೆ ಬಾರದು. ಗಡಿಗೆಗಿಂತ ಒಂದು ಗೇಣು ಅಗಲದ ಕುಣಿ ತೋಡಿ, ಸುತ್ತ ಉಸುಕು, ಗೊಬ್ಬರ ಬೆರೆಸಿದ ಮಣ್ಣು ತುಂಬಿ, ಬಾಯಿ ನೆಲದಿಂದ ಒಂದಿಂಚು ಮೇಲೆ ಇರುವಂತೆ ಹುಗಿಯಿರಿ. ಬರೀ ಎರೆ ಮಣ್ಣು ಒತ್ತಿ ತುಂಬಿದರೆ ಅದು ಉಬ್ಬುವಾಗ ಗಡಿಗೆ ಸೀಳುತ್ತದೆ. ಬಾಯಿಗೆ ಶಹಾಬಾದಿ ಫರಸಿಯ ಚೂರು ಮುಚ್ಚಿ. ಹೆಂಚಿನ ತುಂಡು ಹಗುರ, ಹೆಗ್ಗಣ ಸರಿಸುತ್ತದೆ. ಬಾಯಿ ತೆರೆದಿದ್ದರೆ ಇಣಚಿ ಬಿದ್ದು ಸಾಯುತ್ತದೆ. ಗಡಿಗೆಯಿಂದ 6-8 ಇಂಚು ದೂರಕ್ಕೆ 4-5 ಗಿಡ ಹಚ್ಚಿ, 2-3 ದಿನಕ್ಕೊಮ್ಮೆ ತುಂಬಿ. ಬೋರಿನ ಗಡಸು ನೀರಿಗೆ ರಂಧ್ರ ಕಟ್ಟಿಕೊಳ್ಳುತ್ತವೆ. ವರ್ಷಕ್ಕೊಮ್ಮೆ ಹೊರತೆಗೆದು, ಒಂದು ರಾತ್ರಿ ಹುಣಸೆಹುಳಿ ನೀರಲ್ಲಿ ನೆನೆಸಿ, ನಾರಿನಿಂದ ತಿಕ್ಕಿ ತೊಳೆಯಿರಿ.

## ಹಾಳು ಮಾಡಿದ್ದು ಯಾವುದು?

ಸಸಿ ಕಡದು ಹಾಕ್ಯಾವ. ಇಲಿನೋ, ಮೊಲನೋ, ಹೆಗ್ಗಣೋ ಹ್ಯಾಂಗ ತಿಳೀಬೇಕು?

ಮೊದಲು ಬಿದ್ದ ಸಸಿಯನ್ನು ನೋಡಿ. ಬುಡಕ್ಕೆ ತುಂಡಾಗಿ, ಮೇಲಿನ ಸಸಿ ಹಾಗೇ ಬಾಡಿ ಬಿದ್ದಿದ್ದರೆ ಅದು ಪ್ರಾಣಿ ಅಲ್ಲ, ಕತ್ತರಿ ಹುಳು. ಬುಡದ ಸುತ್ತ ಎರಡು ಇಂಚು ಮಣ್ಣು ಕೆದರಿದರೆ ಬೂದು ಬಣ್ಣದ ಹುಳು ಸುರುಳಿ ಸುತ್ತಿ ಮಲಗಿರುತ್ತದೆ. ಹುಳು ಮಾಡಿದ ಕೆಲಸಕ್ಕೆ ಎಷ್ಟೋ ಮಂದಿ ಇಲಿ ವಿಷ ತಂದು ಇಡುತ್ತಾರೆ.

ಬ್ಲೇಡಿನಿಂದ ಓರೆಯಾಗಿ ಕೊಯ್ದಂತೆ ನುಣುಪಾದ ಕಡಿತ, ಪಕ್ಕದಲ್ಲಿ ದುಂಡಗಿನ ಒಣ ಹಿಕ್ಕೆ ಇದ್ದರೆ ಮೊಲ. ಸಿಗಿದಂತೆ ಒರಟು ಕಡಿತ, ಹಲ್ಲಿನ ಜೋಡಿ ಗೀರು ಇದ್ದರೆ ಇಲಿ. ಗಜ್ಜರಿ, ಶೇಂಗಾ ಕೆಳಗಿನಿಂದಲೇ ಮಾಯವಾಗಿ, ಹತ್ತಿರ ಹೊಸ ಮಣ್ಣಿನ ಗುಪ್ಪೆ ಇದ್ದರೆ ಹೆಗ್ಗಣದ ಜಾತಿ. ಹಗಲು ಹೊತ್ತಿನಲ್ಲಿ ಹಣ್ಣಿಗೆ ತೂತು ಬಿದ್ದರೆ ಇಣಚಿ. ಮರದ ಬುಡದ ತೊಗಟೆ ಕೆತ್ತಿ, ಆಳಕ್ಕೆ ಅಗೆದಿದ್ದರೆ ಮುಳ್ಳುಹಂದಿ. ಗುಡ್ಡದ ಅಂಚಿನ ತೋಟಗಳಲ್ಲಿ ಇದು ಕಾಣುತ್ತದೆ.

ಚೂಪು ಮೂತಿಯ, ಕೆಟ್ಟ ವಾಸನೆಯ, ಗೋಡೆ ಗುಂಟ ಚಿಕ್ ಚಿಕ್ ಅನ್ನುತ್ತ ಓಡುವ ಸೊಂಡಿಲಿ ಇಲಿಯೇ ಅಲ್ಲ. ಅದು ಹುಳು, ಜಿರಲೆ ತಿಂದು ಬದುಕುತ್ತದೆ. ಅದನ್ನು ಕೊಲ್ಲಬೇಡಿ.

ಹತ್ತು ಬಿಲ ಅವ. ಎಲ್ಲಾದ್ರಾಗೂ ಇಲಿ ಇರ್ತಾವೇನು?

ಇರುವುದಿಲ್ಲ. ಸಂಜೆ ಹತ್ತೂ ಬಿಲದ ಬಾಯಿಯನ್ನು ಹಸಿ ಮಣ್ಣಿನಿಂದ ಮುಚ್ಚಿ, ಪಕ್ಕದಲ್ಲಿ ಒಂದೊಂದು ಕಡ್ಡಿ ನಿಲ್ಲಿಸಿ. ಮುಂಜಾನೆ ತೆರೆದಿರುವ ಬಿಲಗಳಷ್ಟೇ ಜೀವಂತ. ಬೋನು, ಮದ್ದು ಏನಿದ್ದರೂ ಅವಕ್ಕೆ ಮಾತ್ರ. ಹೆಗ್ಗಣಗಳು ಒಳಗಿನಿಂದಲೇ ಬಾಯಿ ಮುಚ್ಚಿಕೊಳ್ಳುತ್ತವೆ, ಹಾಗಾಗಿ ಹೊಸ ಮಣ್ಣಿನ ಗುಪ್ಪೆ ಕಂಡರೆ ಅದನ್ನೂ ಲೆಕ್ಕಕ್ಕೆ ಸೇರಿಸಿ. ಬಿಲಕ್ಕೆ ಕೈ ಹಾಕಬೇಡಿ, ಹಾವು ಕೂಡ ಅದೇ ಬಿಲದಲ್ಲಿ ಇರುತ್ತದೆ.

## ತಡೆಯುವ ಕೆಲಸ

ರಾತ್ರಿ ಬೀಜ ಊರಿದ್ರ ಮುಂಜಾನಿ ಇರಂಗಿಲ್ರಿ. ಏನ್ ಮಾಡಬೇಕು?

ಶೇಂಗಾ, ಸೌತೆ, ಹೀರೆ, ಮೆಕ್ಕೆಜೋಳದ ಬೀಜಕ್ಕೆ ಈ ಕಾಟ ಹೆಚ್ಚು. ಸೌತೆ, ಹೀರೆಗಳನ್ನು ಕಾಗದದ ಕಪ್ಪಿನಲ್ಲಿ ಮೊಳಕೆ ಬರಿಸಿ, ಎರಡು ಎಲೆ ಬಿಟ್ಟ ಮೇಲೆ ನೆಲಕ್ಕೆ ಇಳಿಸಿ. ಕಪ್ಪುಗಳ ತಟ್ಟೆಯನ್ನು ಮೇಜಿನ ಮೇಲಿಟ್ಟರೆ ಇಲಿ ಹತ್ತುತ್ತದೆ, ತಂತಿಯಲ್ಲಿ ತೂಗುಬಿಡಿ. ನೇರವಾಗಿ ಊರುವುದಾದರೆ ಸಾಲಿನ ಮೇಲೆ ಅರ್ಧ ಇಂಚು ಕಿಂಡಿಯ ಕಬ್ಬಿಣದ ಜಾಳಿಗೆಯನ್ನು ಕಮಾನಿನಂತೆ ಬಗ್ಗಿಸಿ, ಅಂಚನ್ನು ಎರಡು ಇಂಚು ಮಣ್ಣಿಗೆ ಒತ್ತಿ, ಅಡಿಗೊಂದು ಕಲ್ಲು ಹೇರಿ. ಕಾಳು ಕರಗಿ ಮೊಳಕೆ ಗಿಡವಾದ ಮೇಲೆ ಇಲಿಗೆ ಅದರ ಆಸೆ ಹೋಗುತ್ತದೆ, ಆಗ ಜಾಳಿಗೆ ತೆಗೆಯಬಹುದು.

ಡ್ರಿಪ್ ಪೈಪ್ ವಾರಕ್ಕೊಮ್ಮಿ ಕಡೀತಾವ. ಮಣ್ಣಾಗ ಮುಚ್ಚಿದ್ರ ಬಿಡ್ತಾವೇನು?

ಬಿಡುವುದಿಲ್ಲ. ಮುಚ್ಚಿದರೆ ಇಣಚಿಯಿಂದ ಉಳಿಯುತ್ತದೆ, ಇಲಿ ಅಗೆದು ಕಡಿಯುತ್ತದೆ, ತೂತು ಎಲ್ಲಿ ಎಂದು ನಿಮಗೆ ಕಾಣುವುದೂ ಇಲ್ಲ. ಹೊದಿಕೆ ಕಸದ ಕೆಳಗೂ ಇಡಬೇಡಿ, ಅದು ಇಲಿಗೆ ಮರೆ. ಮೇಲೆ ಬಯಲಲ್ಲೇ ಎಳೆದು, ಎರಡು ಕಡೆ ಒಂದು ಗೇಣು ನೆಲ ಬರಿದಾಗಿ ಇಡಿ.

ಇಣಚಿಗೆ ಬೇರೆ ಕಡೆ ನೀರು ಇಡಿ. ತೋಟದಿಂದ 25-30 ಅಡಿ ದೂರ, ನೆರಳಿನಲ್ಲಿ, ಅಗಲ ಬಾಯಿಯ ಮಣ್ಣಿನ ಪರಾತಕ್ಕೆ ಎರಡು ಇಂಚು ನೀರು ಹಾಕಿ, ನಡುವೆ ಒಂದು ಕಲ್ಲು ಇಡಿ. ಸಂಜೆ ಆ ನೀರನ್ನು ಚೆಲ್ಲಿ ಪರಾತ ಬೋರಲು ಹಾಕಬೇಕು. ಮರೆತರೆ ಹಗಲು ಇಣಚಿಗೆ ಇಟ್ಟ ನೀರು ರಾತ್ರಿ ಇಲಿಗೆ. ಮನೆಯಲ್ಲಿ 16 ಮಿಲಿಮೀಟರ್ ಪೈಪಿನ ಜಾಯಿಂಟರ್ ಒಂದು ಡಜನ್ ಇರಲಿ. ಕಡಿದ ಜಾಗದ ಎರಡೂ ಬದಿ ಒಂದಿಂಚು ಕತ್ತರಿಸಿ, ಜಾಯಿಂಟರ್ ತೂರಿಸುವ ಮುಂಚೆ ನೀರು ಬಿಟ್ಟು ಒಳಗಿನ ಮಣ್ಣು ಹೊರಗೆ ಹಾಯಿಸಿ. ಇಲ್ಲದಿದ್ದರೆ ನೀರು ತೊಟ್ಟಿಕ್ಕುವ ಮುಂದಿನ ಹನಿಕೆಗಳೆಲ್ಲ ಕಟ್ಟುತ್ತವೆ.

ನೆಲ ತಂಪಿರಲಿ ಅಂತ ತೊಗರಿ ಹೊಟ್ಟು ಹಾಸಿದ್ವಿ. ಈಗ ಇಲಿ ಅದ್ರಾಗೇ ಮನಿ ಮಾಡ್ಯಾವ!

ಹೊದಿಕೆ ಬೇಕು, ದಪ್ಪ ಬೇಡ. ಒಂದೂವರೆಯಿಂದ ಎರಡು ಇಂಚು ಸಾಕು. ಗಿಡದ ಬುಡದಿಂದ ನಾಲ್ಕು ಇಂಚು ಬಿಟ್ಟು ಹಾಸಿ, ವಾರಕ್ಕೊಮ್ಮೆ ಕೋಲಿನಿಂದ ಕೆದರಿ. ಜೋಳದ ಕಣಿಕೆಯನ್ನು ಉದ್ದಕ್ಕೇ ಹಾಸಿದರೆ ಕೆಳಗೆ ಓಡಾಡುವ ದಾರಿ ಆಗುತ್ತದೆ. ಗೇಣುದ್ದ ಕತ್ತರಿಸಿ ಹಾಸಿ. ಹೊಟ್ಟಿನಲ್ಲಿ ಕಾಳು ಉಳಿದಿದ್ದರೆ ಅದೇ ಇಲಿಗೆ ಕರೆ, ಆದ್ದರಿಂದ ಜರಡಿ ಹಿಡಿದೇ ಹಾಕಿ.

ಇನ್ನು ಗೋಡೆಗೆ ಒರಗಿಸಿದ ತೊಗರಿ ಕಟ್ಟಿಗೆಯ ರಾಶಿ. ಇದು ನಮ್ಮ ಕಡೆಯ ಪ್ರತಿ ಮನೆಯಲ್ಲೂ ಇದೆ, ಇಲಿಗಳ ದೊಡ್ಡ ಆಸರೆಯೂ ಇದೇ. ಕಲ್ಲು ಇಟ್ಟು ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಜೋಡಿಸಿ, ಗೋಡೆಯಿಂದ ಒಂದಡಿ, ಮಡಿಯಿಂದ ಹತ್ತು ಅಡಿಯಾದರೂ ದೂರ ಇಡಿ. ಕೆಳಗೆ ಬೆಳಕು ಹಾಯುವ ಜಾಗದಲ್ಲಿ ಇಲಿ ಮರಿ ಹಾಕುವುದಿಲ್ಲ.

ಜಾಳಗಿ ಹಾಕಿಸ್ಬೇಕಂದೀವಿ. ಎಂಥಾದ್ದು, ಎಷ್ಟು ಆಳ?

ಪ್ಲಾಸ್ಟಿಕ್ ಬಲೆಯನ್ನು ಇಲಿ ಒಂದೇ ರಾತ್ರಿಗೆ ಕಡಿಯುತ್ತದೆ. ಆರು ಮೂಲೆಯ ಕೋಳಿ ಜಾಳಿಗೆಯಲ್ಲಿ ಮರಿ ಇಲಿ ನುಸುಳುತ್ತದೆ. ಬೇಕಾದದ್ದು ಅರ್ಧ ಇಂಚು ಕಿಂಡಿಯ, ಬೆಸುಗೆ ಹಾಕಿದ ಜಿ.ಐ. (ಸತುವು ಲೇಪಿಸಿದ ಕಬ್ಬಿಣ) ಜಾಳಿಗೆ, 4 ಅಡಿ ಅಗಲದ ಸುರುಳಿ. ಚಿಟ್ಟಿಲಿ ಕೂಡ ಇದ್ದರೆ ಕಾಲು ಇಂಚಿನದು. 10 ಅಡಿ ಚೌಕದ ಮಡಿಗೆ ಸುತ್ತಳತೆ 40 ಅಡಿ, ಸೇರಿಕೆಗೆ 2 ಅಡಿ, ಒಟ್ಟು 42 ಅಡಿ ತನ್ನಿ.

ಒಂದಡಿ ಆಳದ ಕಾಲುವೆ ತೋಡಿ. ಜಾಳಿಗೆಯ ಕೆಳಗಿನ 6 ಇಂಚನ್ನು ಹೊರಗಡೆಗೆ ಮಡಚಿ ತಳಕ್ಕೆ ಹಾಸಿ. 1 ಅಡಿ ಮಣ್ಣೊಳಗೆ, ಎರಡೂವರೆ ಅಡಿ ನೆಲದ ಮೇಲೆ ಬರುತ್ತದೆ. ಹೆಗ್ಗಣ ಜಾಳಿಗೆಯ ಬುಡದಲ್ಲೇ ಅಗೆಯುತ್ತದೆ, ಮಡಚಿದ ಭಾಗ ಅಡ್ಡ ಬಂದರೆ ಹಿಂದೆ ಸರಿದು ಅಗೆಯುವ ಬುದ್ಧಿ ಅದಕ್ಕೆ ಅಷ್ಟಾಗಿ ಇಲ್ಲ. ಒಳಗಡೆಗೆ ಮಡಚಿದರೆ ಪ್ರಯೋಜನವಿಲ್ಲ. ಕಂಬಗಳು ಜಾಳಿಗೆಯ ಒಳಗೆ ಇರಲಿ.

ಎರೆ ಭೂಮಿಯಲ್ಲಿ ತೋಡಿದ ಕಾಲುವೆಗೆ ಅದೇ ಎರೆ ಮಣ್ಣು ತುಂಬಬೇಡಿ. ಮಾರ್ಚ್‌ಗೆ ಸರಿಯಾಗಿ ಆ ಗೆರೆಯ ಗುಂಟವೇ ಬಿರುಕು ಬಿಟ್ಟು, ಕೈ ತೂರುವಷ್ಟು ಸಂದಾಗಿ, ಜಾಳಿಗೆಯ ಕೆಳಗೆ ಹೆದ್ದಾರಿ ಆಗುತ್ತದೆ. ಮುರುಮು ಮತ್ತು ಕಲ್ಲುಚೂರು ತುಂಬಿ ಗಟ್ಟಿಯಾಗಿ ಬಡಿಯಿರಿ, ಅದು ಕುಗ್ಗುವುದಿಲ್ಲ. ಬೀದರದ ಜಂಬಿಟ್ಟಿಗೆ ನೆಲದಲ್ಲಿ ಒಂದಡಿ ತೋಡುವುದೇ ಕಷ್ಟ. ಅಲ್ಲಿ ಜಾಳಿಗೆಯ ಒಂದೂವರೆ ಅಡಿಯನ್ನು ಹೊರಗಡೆ ನೆಲದ ಮೇಲೇ ಹಾಸಿ ಕಲ್ಲು ಹೇರಿದರೆ ನಡೆಯುತ್ತದೆ.

ಬಾಗಿಲಿನ ಕೆಳಗಿನ ಸಂದು ಎಲ್ಲರೂ ಮರೆಯುವ ಜಾಗ. ಹೊಸ್ತಿಲಿಗೆ ಒಂದು ಫರಸಿ ಕೂಡಿಸಿ, ಬಾಗಿಲಿಗೂ ಕಲ್ಲಿಗೂ ಅರ್ಧ ಇಂಚಿಗಿಂತ ಹೆಚ್ಚು ಬಿಡಬೇಡಿ. ಮೊಲ ಮತ್ತು ಹೆಗ್ಗಣಕ್ಕೆ ಇಷ್ಟು ಸಾಕು. ಮನೆ ಇಲಿ ಜಾಳಿಗೆ ಹತ್ತಿ ಇಳಿಯುತ್ತದೆ. ಅದಕ್ಕೆ ಮೇಲಂಚಿನ ಹೊರಬದಿಗೆ ಒಂದಡಿ ಅಗಲದ ನುಣುಪಾದ ತಗಡು ಹೊಡೆಯಿರಿ.

ದಾಳಿಂಬಿ, ಪೇರಲ ಒಂದೂ ಹಣ್ಣಾಗಾಕ ಬಿಡಂಗಿಲ್ಲ ಈ ಇಣಚಿ.

ಮರ ಒಂಟಿಯಾಗಿದ್ದರೆ ತಗಡು ಕಟ್ಟಿ. ನೆಲದಿಂದ ಮೂರಡಿ ಮೇಲೆ, ಒಂದೂವರೆ ಅಡಿ ಅಗಲದ ತಗಡನ್ನು ಕಾಂಡಕ್ಕೆ ಸುತ್ತಿ, ಮೊಳೆ ಹೊಡೆಯದೆ ಸ್ಪ್ರಿಂಗ್ ಅಥವಾ ರಬ್ಬರಿನಿಂದ ಹಿಡಿಸಿ. ಪ್ರತಿ ಮಳೆಗಾಲಕ್ಕೆ ಸಡಿಲ ಮಾಡಿ, ಇಲ್ಲವಾದರೆ ತೊಗಟೆ ಕತ್ತರಿಸುತ್ತದೆ. ಗೋಡೆ, ಪೌಳಿ, ಪಕ್ಕದ ಬೇವಿನಿಂದ ಟೊಂಗೆಗಳು 7-8 ಅಡಿ ದೂರ ಇರಬೇಕು. ಹತ್ತಿರ ಇದ್ದರೆ ಹಾರಿ ಬರುತ್ತದೆ, ತಗಡು ದಂಡ. ಬುಡದಿಂದಲೇ ಪೊದೆಯಾಗುವ ದಾಳಿಂಬೆಗೆ ತಗಡು ಆಗದು. ಹಣ್ಣು ನಿಂಬೆಯಷ್ಟು ಆದಾಗ ಕಾಲು ಇಂಚಿನ ಜಾಳಿಗೆಯ ಚೀಲ ಹೊಲಿದು ಒಂದೊಂದಕ್ಕೂ ತೊಡಿಸಿ. ಬಟ್ಟೆ ಚೀಲ ಹಕ್ಕಿಗೆ, ಹುಳಕ್ಕೆ ಆಗುತ್ತದೆ. ಇಣಚಿ ಅದನ್ನು ಹರಿಯುತ್ತದೆ.

ಮಂಗ್ಯಾ ಮತ್ತ ನವಿಲಿಗೆ ಏನ್ ಮಾಡೋದ್ರಿ?

ಮಂಗಕ್ಕೆ ಮೇಲೂ ಮುಚ್ಚಿದ ಪಂಜರ ಬಿಟ್ಟರೆ ಸಣ್ಣ ತೋಟಕ್ಕೆ ಖಾತ್ರಿಯ ಉಪಾಯವಿಲ್ಲ. ನವಿಲಿಗೆ ಸಸಿ ಮಡಿಯ ಮೇಲೆ ಅಡ್ಡಡ್ಡ ದಾರ ಬಿಗಿದರೆ ಇಳಿಯಲು ಹಿಂಜರಿಯುತ್ತದೆ. ನವಿಲು, ಮೊಲ, ಕೇರೆ ಹಾವಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಉರುಲು, ವಿಷ, ಕರೆಂಟಿನ ತಂತಿ ಅಪರಾಧ. ಕರೆಂಟು ಬಿಟ್ಟ ಬೇಲಿಗೆ ಮನುಷ್ಯರೇ ಬಲಿಯಾಗುತ್ತಾರೆ.

## ಹಿಡಿಯುವುದು, ಕೊಲ್ಲುವುದು

ನುಸಿ ಗುಳಿಗಿ, ಖಾರಪುಡಿ, ಆ ಶಬ್ದ ಮಾಡೋ ಮಷಿನ್ ನಡೀತಾವೇನ್ರಿ?

ಇಲ್ಲ. ಖಾರಪುಡಿ ಒಂದು ನೀರಿಗೆ ಹೋಯಿತು. ನುಸಿ ಗುಳಿಗೆಯ ವಾಸನೆ ಬಯಲಲ್ಲಿ ನಿಲ್ಲುವುದಿಲ್ಲ, ಮಕ್ಕಳು ಬಾಯಿಗೆ ಹಾಕಿಕೊಂಡರೆ ಅಪಾಯ. ಮಷಿನ್ನಿನ ಶಬ್ದ ಗೋಡೆ, ಗಿಡ ದಾಟುವುದಿಲ್ಲ, ಇಲಿಯೂ ಕೆಲವೇ ದಿನದಲ್ಲಿ ಅದಕ್ಕೆ ಒಗ್ಗಿಕೊಳ್ಳುತ್ತದೆ.

ಬೋನ್ ಇಟ್ರ ಹತ್ರಾನೂ ಬರಂಗಿಲ್ಲ. ಯಾಕ?

ಇಲಿಗೆ ಹೊಸ ವಸ್ತು ಕಂಡರೆ ಅಂಜಿಕೆ. ಮೊದಲ ಮೂರು ರಾತ್ರಿ ಬಾಗಿಲು ಬೀಳದಂತೆ ಕಟ್ಟಿ, ಒಳಗೆ ಒಣ ಕೊಬ್ಬರಿ, ಹುರಿದ ಶೇಂಗಾ ಅಥವಾ ಭಜಿ ತುಂಡು ಇಡಿ. ತಿಂದು ಹೋಗಲಿ. ನಾಲ್ಕನೆಯ ರಾತ್ರಿ ಬಾಗಿಲು ಬಿಡಿ. ನಡು ಅಂಗಳದಲ್ಲಿ ಇಡಬೇಡಿ, ಇಲಿ ಗೋಡೆಗೆ ಮೈ ತಾಗಿಸಿ ಓಡುತ್ತದೆ. ಬೋನು ಗೋಡೆ ಗುಂಟ ಇರಲಿ. ಬಡಿಯುವ ಬಲೆಯಾದರೆ ಗೋಡೆಗೆ ಅಡ್ಡವಾಗಿ, ತಿನಿಸಿನ ತುದಿ ಗೋಡೆ ಕಡೆಗೆ. ಒಂದೇ ಬೋನು ತಿಂಗಳುಗಟ್ಟಲೆ ಇಡುವುದಕ್ಕಿಂತ ಜೀವಂತ ಬಿಲಕ್ಕೆ ಒಂದರಂತೆ ಐದಾರು ಒಟ್ಟಿಗೆ ಇಟ್ಟು ಒಂದು ವಾರದಲ್ಲಿ ಮುಗಿಸುವುದು ಲೇಸು. ಇಲಿ ಗಬ್ಬದಿಂದ ಈಯುವುದಕ್ಕೆ ಮೂರು ವಾರ ಸಾಕು, ನಿಧಾನಕ್ಕೆ ಹಿಡಿದರೆ ಸಂಖ್ಯೆ ಇಳಿಯುವುದಿಲ್ಲ. ಹಗಲು ಬೋನು ಮುಚ್ಚಿಡಿ, ಇಣಚಿ ಬಿದ್ದರೆ ಮೇ ಬಿಸಿಲಿಗೆ ಬೇಗ ಸಾಯುತ್ತದೆ.

ವಿಷ ಇಡಬೇಕಂದ್ರ ಯಾವುದು ಇಡಬೇಕು?

ಮೊದಲು ಯಾವುದು ಬೇಡ ಎಂದು ಹೇಳುತ್ತೇವೆ. ಟ್ಯೂಬಿನಲ್ಲಿ ಬರುವ ಹಳದಿ ರಂಜಕದ ಪೇಸ್ಟ್ ಮನೆಗೆ ತರಲೇಬೇಡಿ. ಅದು ಯಕೃತ್ತನ್ನು ಹಾಳು ಮಾಡುತ್ತದೆ, ನೇರ ಪ್ರತಿವಿಷ ಇಲ್ಲ. ಬೂದು-ಕಪ್ಪು ಪುಡಿಯಾಗಿ ಬರುವ ಜಿಂಕ್ ಫಾಸ್ಫೈಡ್ ಹೊಲದ ಮದ್ದು: 96 ಪಾಲು ನುಚ್ಚು, 2 ಪಾಲು ಎಣ್ಣೆ, 2 ಪಾಲು ಪುಡಿ. ಹೊಟ್ಟೆಯ ಆಮ್ಲ ತಾಗಿದರೆ ಅದು ಫಾಸ್ಫೀನ್ ಅನಿಲ ಬಿಡುತ್ತದೆ, ಇದಕ್ಕೂ ಪ್ರತಿವಿಷ ಇಲ್ಲ. ಅರ್ಧ ತಿಂದು ಬದುಕಿದ ಇಲಿ ಮತ್ತೆ ಅದನ್ನು ಮುಟ್ಟುವುದೂ ಇಲ್ಲ. ಮಕ್ಕಳು, ಕೋಳಿ, ಆಡು ತಿರುಗುವ ಹಿತ್ತಲಿಗೆ ಇದು ಸಲ್ಲದು.

ಬೋನಿನಿಂದ ಆಗಲೇ ಇಲ್ಲ ಎಂದಾದರೆ 0.005 ಶೇಕಡಾ ಬ್ರೊಮಾಡಿಯೊಲೋನ್ ಇರುವ ಸಿದ್ಧ ಬಿಲ್ಲೆ. ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು, ಜೀವಂತ ಬಿಲಕ್ಕೆ 15 ಗ್ರಾಂನಷ್ಟು ಕೋಲಿನಿಂದ ಒಂದು ಮೊಳ ಒಳಗೆ ತಳ್ಳಿ, ಬಾಯಿಗೆ ಎಲೆ ತುರುಕಿ ಮಣ್ಣು ಮುಚ್ಚಿ. ಬಯಲಲ್ಲಿ ಇಡಬೇಡಿ. ಇದು ರಕ್ತ ಹೆಪ್ಪುಗಟ್ಟದಂತೆ ಮಾಡುವುದರಿಂದ ಇಲಿ ಸಾಯಲು ಮೂರರಿಂದ ಹತ್ತು ದಿನ ಬೇಕು. ಮರುದಿನ ಸತ್ತಿಲ್ಲ ಎಂದು ಮತ್ತೆ ಸುರಿಯಬೇಡಿ. ಸತ್ತ ಇಲಿಯನ್ನು ಬೆಕ್ಕು, ಗೂಬೆ ತಿಂದರೆ ವಿಷ ಅವಕ್ಕೂ ಏರುತ್ತದೆ. ದಿನಾ ಮುಂಜಾನೆ ಹುಡುಕಿ, ಎರಡಡಿ ಆಳಕ್ಕೆ ಹೂಳಿ. ಯಾರಾದರೂ ತಪ್ಪಿ ತಿಂದರೆ ಪಾಕೀಟಿನ ಸಮೇತ ಕೂಡಲೇ ಆಸ್ಪತ್ರೆಗೆ ಹೋಗಿ. ಇದಕ್ಕೆ ವಿಟಮಿನ್ ಕೆ1 ಚಿಕಿತ್ಸೆ ಇದೆ, ಯಾವ ವಿಷ ಎಂದು ವೈದ್ಯರಿಗೆ ತಿಳಿಯಬೇಕು.

ಇಲಿ ಇದ್ದಲ್ಲಿ ಹಾವು ಬರ್ತಾವಂತ. ಖರೇನ?

ಖರೆ. ಕೇರೆ ಹಾವು ಬಂದರೆ ಬಿಟ್ಟುಬಿಡಿ, ಅದಕ್ಕೆ ವಿಷವಿಲ್ಲ, ಇಲಿಯೇ ಅದರ ಊಟ. ನಾಗರ, ಕೊಳಕುಮಂಡಲವೂ ಇಲಿ ಹಿಂದೆ ಬರುತ್ತವೆ. ರಾತ್ರಿ ತೋಟಕ್ಕೆ ಹೋದರೆ ಬೂಟು, ಬ್ಯಾಟರಿ ಕಡ್ಡಾಯ. ಕಟ್ಟಿಗೆ, ಕಲ್ಲು ಎತ್ತುವ ಮುಂಚೆ ಕೋಲಿನಿಂದ ಅಲುಗಿಸಿ. ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು ಬೇಡ. ಕೈಕಾಲು ಅಲುಗದಂತೆ ಇಟ್ಟು ಹಾವಿನ ವಿಷದ ಮದ್ದು ಇರುವ ಆಸ್ಪತ್ರೆಗೆ ಒಯ್ಯಿರಿ.

ಎಲ್ಲಾ ಮಾಡೀವಿ. ಆದ್ರೂ ಡಿಸೆಂಬರ್ ಆದಮ್ಯಾಲ ಮತ್ತ ಬಂದು ಬಿಡ್ತಾವ.

ಅದು ನಿಮ್ಮ ತೋಟದ ಇಲಿ ಅಲ್ಲ, ಹೊಲದ್ದು. ಡಿಸೆಂಬರ್-ಜನವರಿಯಲ್ಲಿ ತೊಗರಿ, ಫೆಬ್ರುವರಿ-ಮಾರ್ಚ್‌ನಲ್ಲಿ ಬಿಳಿಜೋಳ ಕಟಾವಾದಾಗ ಹೊಲದಲ್ಲಿ ಮರೆಯೂ ಇಲ್ಲ, ಕಾಳೂ ಇಲ್ಲ. ರಾಶಿ ಮನೆಗೆ ಬಂದ ದಾರಿಯಲ್ಲೇ ಇಲಿಯೂ ಬರುತ್ತದೆ. ಕಟಾವಿಗೆ ಎರಡು ವಾರ ಮುಂಚೆ ಜಾಳಿಗೆಯ ಸುತ್ತ ನಡೆದು ಬಿಟ್ಟುಹೋದ ಸಂದು ಮುಚ್ಚಿ, ಬಿಲ ಮುಚ್ಚಿ ನೋಡುವ ಪರೀಕ್ಷೆ ಮಾಡಿ, ಬೋನುಗಳನ್ನು ಬಾಗಿಲು ಕಟ್ಟಿ ಆಗಲೇ ಇಟ್ಟುಬಿಡಿ. ಇನ್ನೊಂದು ಸುತ್ತು ಮೇ ಕೊನೆಗೆ, ಮಳೆ ಬಿದ್ದು ಮರಿ ಹಾಕುವ ಮುಂಚೆ. ಈ ಎರಡೂ ಸಲ ಅಕ್ಕಪಕ್ಕದ ನಾಲ್ಕು ಮನೆಯವರು ಅದೇ ವಾರ ಬೋನು ಇಡಬೇಕು. ಒಬ್ಬರೇ ಇಟ್ಟರೆ ಖಾಲಿಯಾದ ಬಿಲಕ್ಕೆ ಪಕ್ಕದ ಹಿತ್ತಲಿನದು ಬಂದು ಸೇರುತ್ತದೆ. ಖಾಲಿ ಬಿಲ ಸಿಕ್ಕಿದ ಕೂಡಲೇ ಗುದ್ದಲಿಯಿಂದ ಕೊನೆತನಕ ಅಗೆದು, ಕಲ್ಲುಚೂರು ಬೆರೆಸಿದ ಮುರುಮು ತುಂಬಿ ಬಡಿಯಿರಿ.